ಮೊದಲು ಬದಲಾದದ್ದು ಕೂಲಿ: ಅಯೋವಾದ ಸ್ಟಾರ್ಮ್ ಲೇಕ್ ಎಂಬ ಬೇಸಾಯದ ಊರು

2025ರ ನವೆಂಬರಿನಲ್ಲಿ ಟೈಸನ್ ಫುಡ್ಸ್ ಕಂಪನಿಯು ನೆಬ್ರಾಸ್ಕಾ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿರುವ ತನ್ನ ದನದ ಮಾಂಸದ ಕಾರ್ಖಾನೆಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಕೆಲಸ ಕಳೆದುಕೊಳ್ಳಲಿದ್ದವರು ಸುಮಾರು 3,200 ಮಂದಿ. ಊರಿನ ಒಟ್ಟು ಜನಸಂಖ್ಯೆ ಹೆಚ್ಚುಕಡಿಮೆ 11,000. ಅಮೆರಿಕದ ಮಧ್ಯಪಶ್ಚಿಮ ಸೀಮೆಯಲ್ಲಿ ಇದೇ ಅಳತೆಯ, ಇದೇ ಕಂಪನಿಯನ್ನು ನಂಬಿಕೊಂಡ ಊರುಗಳು ಇನ್ನೂ ಇವೆ. ಅವುಗಳಲ್ಲಿ ಒಂದು ವಾಯವ್ಯ ಅಯೋವಾದ ಸ್ಟಾರ್ಮ್ ಲೇಕ್. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 11,269. ಸುತ್ತ ಮೆಕ್ಕೆಜೋಳ ಮತ್ತು ಸೋಯಾದ ಹೊಲಗಳು, ಮಧ್ಯೆ ಮೂರು ಸಾವಿರ ಎಕರೆಗೂ ಮಿಗಿಲಾದ ಒಂದು ಕೆರೆ, ಅದರ ದಡದಲ್ಲಿ ಒಂದು ಸಣ್ಣ ವಿಶ್ವವಿದ್ಯಾಲಯ, ಊರಂಚಿನಲ್ಲಿ ಟೈಸನ್‌ನ ಹಂದಿಮಾಂಸದ ಕಾರ್ಖಾನೆ ಮತ್ತು ಅದೇ ಕಂಪನಿಯ ಟರ್ಕಿ ಕೋಳಿಯ ಕಾರ್ಖಾನೆ.

ಈ ಊರಿನ ಬಗ್ಗೆ ಅಮೆರಿಕದಲ್ಲಿ ಎರಡು ಸಿದ್ಧ ವಾದಗಳು ಚಾಲ್ತಿಯಲ್ಲಿವೆ. ವಲಸಿಗರು ಬಂದು, ಸಾಯುತ್ತಿದ್ದ ಹಳ್ಳಿಗಾಡಿನ ಪಟ್ಟಣವೊಂದಕ್ಕೆ ಜೀವ ತುಂಬಿದರು ಎನ್ನುವುದು ಮೊದಲನೆಯದು. ಅವರು ಬಂದು ಊರವರ ಒಳ್ಳೆಯ ಸಂಬಳದ ಕೆಲಸಗಳನ್ನು ಕಿತ್ತುಕೊಂಡರು ಎನ್ನುವುದು ಎರಡನೆಯದು. ಮೊದಲನೆಯದರಲ್ಲಿ ಸತ್ಯದ ಪಾಲು ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಆದರೆ ಎರಡೂ ಘಟನೆಗಳ ಅನುಕ್ರಮವನ್ನು ತಪ್ಪಿಸುತ್ತವೆ. ಸ್ಟಾರ್ಮ್ ಲೇಕ್‌ನಲ್ಲಿ ಮೊದಲು ಬದಲಾದದ್ದು ಕೂಲಿಯ ದರ ಮತ್ತು ಕಾರ್ಖಾನೆಯ ಒಡೆತನ. ಜನ ಬದಲಾದದ್ದು ಅದಾದ ಮೇಲೆ. ಈ ಅನುಕ್ರಮವನ್ನು ಸರಿಯಾಗಿ ಹಿಡಿದರೆ ಮಾತ್ರ ಊರಿನ ಇಂದಿನ ಸ್ವಭಾವವೂ ಅದರ ಮುಂದಿರುವ ಆತಂಕವೂ ಅರ್ಥವಾಗುತ್ತವೆ.

ಹಿಂದಿನ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. 1851ರ ಒಪ್ಪಂದಗಳಲ್ಲಿ ಡಕೋಟಾ ಜನರಿಂದ ಅಯೋವಾದ ಉತ್ತರ ಭಾಗದ ನೆಲವನ್ನು ಅಮೆರಿಕ ಸರ್ಕಾರ ಬಿಡಿಸಿಕೊಂಡಿತು. 1870ರಲ್ಲಿ ರೈಲು ಹಳಿ ಕೆರೆಯ ದಡಕ್ಕೆ ಬಂತು. ಹಳಿಯ ಪಕ್ಕದಲ್ಲಿ ಊರು ಎದ್ದು, 1873ರಲ್ಲಿ ನಗರವಾಗಿ ನೋಂದಾಯಿತವಾಯಿತು. ಅದೇ ದಶಕದಲ್ಲಿ ಮಿಡತೆಗಳ ದಂಡು ವರ್ಷದ ಮೇಲೆ ವರ್ಷ ಪೈರು ತಿಂದು ಮೊದಲ ತಲೆಮಾರಿನ ಒಕ್ಕಲುಗಳನ್ನು ಕಂಗೆಡಿಸಿತು. 1878ರಲ್ಲಿ ಬ್ಯೂನಾ ವಿಸ್ಟಾ ಕೌಂಟಿಯ, ಅಂದರೆ ಜಿಲ್ಲೆಯಂಥ ಘಟಕದ, ಆಡಳಿತ ಕೇಂದ್ರ ಸೂ ರ‍್ಯಾಪಿಡ್ಸ್‌ನಿಂದ ಇಲ್ಲಿಗೆ ಬಂತು. 1891ರಲ್ಲಿ ಪ್ರೆಸ್ಬಿಟೀರಿಯನ್ ಪಂಥದವರು ಕಾಲೇಜು ಸ್ಥಾಪಿಸಿದರು, ಅದೇ ಇಂದಿನ ಬ್ಯೂನಾ ವಿಸ್ಟಾ ವಿಶ್ವವಿದ್ಯಾಲಯ. ರೈಲು, ಕೌಂಟಿ ಕೇಂದ್ರ, ಕಾಲೇಜು ಮೂರೂ ಒಂದೇ ಊರಿಗೆ ದಕ್ಕಿದ್ದು ಮುಂದೆ ಬಹಳ ಕೆಲಸಕ್ಕೆ ಬಂತು. ಇವು ಇಲ್ಲದ ಅಕ್ಕಪಕ್ಕದ ಊರುಗಳು ಒಂದೊಂದಾಗಿ ಸೊರಗಿದವು.

ಇವೆಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ನೆಲಕ್ಕೆ ಮಾಡಿದ ಕೆಲಸ. ಹಿಮನದಿಗಳು ಬಿಟ್ಟುಹೋದ ಈ ಸಮತಟ್ಟು ಭೂಮಿ ಮೂಲತಃ ಜೌಗು. ಎತ್ತರದ ಹುಲ್ಲು, ಅಲ್ಲಲ್ಲಿ ನೀರು ನಿಂತ ತಗ್ಗುಗಳು. ಬಿಳಿಯ ಒಕ್ಕಲುಗಳು ಅದನ್ನು ಉಳುಮೆಗೆ ತಂದದ್ದು ನೆಲದಡಿಯಲ್ಲಿ ಬಸಿಗೊಳವೆಗಳನ್ನು ಹೂತು. ಮೂರು ನಾಲ್ಕು ಅಡಿ ಆಳದಲ್ಲಿ ಮೊದಲು ಸುಟ್ಟ ಮಣ್ಣಿನ ಕೊಳವೆಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಈಗ ತೂತುಗಳಿರುವ ಪ್ಲಾಸ್ಟಿಕ್ ಕೊಳವೆಗಳನ್ನು ಯಂತ್ರವೇ ಹೂಳುತ್ತದೆ. ಮಣ್ಣಿನಲ್ಲಿ ಹೆಚ್ಚಾದ ನೀರು ಕೊಳವೆಗೆ ಇಳಿದು, ಕೊಳವೆಯಿಂದ ಕಾಲುವೆಗೆ, ಅಲ್ಲಿಂದ ಹೊಳೆಗೆ ಸೇರುತ್ತದೆ. ಒಬ್ಬ ರೈತನ ಕೊಳವೆ ಇನ್ನೊಬ್ಬನ ಹೊಲ ದಾಟಲೇಬೇಕಾದ್ದರಿಂದ ಕಾನೂನಿನ ಮೂಲಕ ಬಸಿಗಾಲುವೆ ವಲಯಗಳು ಹುಟ್ಟಿಕೊಂಡವು, ಅವುಗಳ ಉಸ್ತುವಾರಿ ಕೌಂಟಿಯ ಚುನಾಯಿತ ಸದಸ್ಯರ ಕೈಗೆ ಹೋಯಿತು. ಅಯೋವಾ ತನ್ನ ಮೂಲ ಹುಲ್ಲುಗಾವಲಿನ ಶೇಕಡಾ 99ಕ್ಕೂ ಹೆಚ್ಚನ್ನು ಕಳೆದುಕೊಂಡು ಜಗತ್ತಿನ ಅತ್ಯಂತ ಫಲವತ್ತಾದ ಮೆಕ್ಕೆಜೋಳದ ಸೀಮೆಯಾದದ್ದು ಹೀಗೆ. ಕಣ್ಣಿಗೆ ಕಾಣದ ಈ ಕೊಳವೆಗಳ ಜಾಲ ನೂರು ವರ್ಷದ ನಂತರ ಊರನ್ನು ನ್ಯಾಯಾಲಯಕ್ಕೆ ಎಳೆಯಿತು. ಆ ಮಾತಿಗೆ ಮುಂದೆ ಬರುತ್ತೇನೆ.

ಮೆಕ್ಕೆಜೋಳ ಬೆಳೆಯುವಲ್ಲಿ ಹಂದಿ ಸಾಕುವುದು ಆ ಸೀಮೆಯ ಹಳೆಯ ಲೆಕ್ಕ. ಜೋಳವನ್ನು ಮೂಟೆ ಕಟ್ಟಿ ದೂರ ಸಾಗಿಸುವುದಕ್ಕಿಂತ ಹಂದಿಗೆ ತಿನ್ನಿಸಿ, ಹಂದಿಯನ್ನು ಮಾರುವುದು ಲಾಭದಾಯಕವಾಗಿತ್ತು. ಸ್ಟಾರ್ಮ್ ಲೇಕ್‌ನಲ್ಲಿ 1930ರ ದಶಕದಲ್ಲಿ ಆರಂಭವಾದ ಮಾಂಸದ ಕಾರ್ಖಾನೆಯನ್ನು ಮುಂದೆ ಹೈಗ್ರೇಡ್ ಕಂಪನಿ ಕೊಂಡಿತು. ಆ ಕಾಲದ ಕಾರ್ಖಾನೆ ಕೆಲಸ ಕಷ್ಟದ್ದು, ರಕ್ತ ಮತ್ತು ಚಳಿಯ ಮಧ್ಯೆ ಮಾಡುವಂಥದ್ದು, ಆದರೂ ಗೌರವದ್ದು. ಬಲವಾದ ಕಾರ್ಮಿಕ ಸಂಘವಿತ್ತು, ಪಿಂಚಣಿ ಇತ್ತು, ಒಬ್ಬರ ದುಡಿಮೆಯಲ್ಲಿ ಮನೆ ಕಟ್ಟಿ ಮಕ್ಕಳನ್ನು ಕಾಲೇಜಿಗೆ ಕಳಿಸಬಹುದಿತ್ತು. ಮಾಂಸದ ಉದ್ಯಮದ ಕೂಲಿ ಆಗ ಅಮೆರಿಕದ ಕಾರ್ಖಾನೆಗಳ ಸರಾಸರಿಗಿಂತ ಮೇಲಿತ್ತು.

ಆ ವ್ಯವಸ್ಥೆಯನ್ನು ಒಡೆದ ಕಂಪನಿ ಹುಟ್ಟಿದ್ದೂ ಅಯೋವಾದಲ್ಲೇ. 1960ರಲ್ಲಿ ಡೆನಿಸನ್ ಎಂಬ ಇನ್ನೊಂದು ಸಣ್ಣ ಊರಿನಲ್ಲಿ ಸ್ಥಾಪನೆಯಾದ ಅಯೋವಾ ಬೀಫ್ ಪ್ಯಾಕರ್ಸ್, ಅಂದರೆ ಐಬಿಪಿ, ಉದ್ಯಮದ ಎರಡು ಮೂಲ ನಿಯಮಗಳನ್ನೇ ಬದಲಿಸಿತು. ಮೊದಲನೆಯದಾಗಿ, ಶಿಕಾಗೊದಂತಹ ಮಹಾನಗರಗಳಿಗೆ ದನ ಸಾಗಿಸುವ ಬದಲು ದನ ಇರುವಲ್ಲಿಗೇ ಕಾರ್ಖಾನೆಯನ್ನು ಒಯ್ದಿತು. ಅಲ್ಲಿ ಸಂಘಗಳ ಬಲ ಕಡಿಮೆ. ಎರಡನೆಯದಾಗಿ, 1960ರ ದಶಕದ ಕೊನೆಯಲ್ಲಿ ಮಾಂಸವನ್ನು ಕಾರ್ಖಾನೆಯಲ್ಲೇ ತುಂಡು ಮಾಡಿ ಪೆಟ್ಟಿಗೆಗೆ ತುಂಬಿ ಕಳಿಸುವ ಪದ್ಧತಿಯನ್ನು ತಂದಿತು. ಅಲ್ಲಿಯವರೆಗೆ ಕಸುಬುದಾರ ಕಟುಕನೊಬ್ಬ ಇಡೀ ದೇಹವನ್ನು ಬಿಡಿಸಬಲ್ಲವನಾಗಿರಬೇಕಿತ್ತು. ಈಗ ಮಾಂಸ ಸಾಗಿಬರುವ ಲೈನಿನಲ್ಲಿ ನಿಂತ ಪ್ರತಿಯೊಬ್ಬರೂ ಒಂದೇ ಒಂದು ಕೊಯ್ತವನ್ನು ದಿನವಿಡೀ ಸಾವಿರಾರು ಸಲ ಮಾಡಿದರೆ ಸಾಕು. ಕೌಶಲ ಬೇಡವಾದಾಗ ಕೌಶಲದ ಬೆಲೆಯೂ ಬೇಡವಾಯಿತು. ಮಣಿಕಟ್ಟು ಮತ್ತು ಭುಜದ ನೋವು ಮಾತ್ರ ಕೆಲಸದ ಭಾಗವಾಗಿಯೇ ಉಳಿಯಿತು.

1981ರಲ್ಲಿ ಹೈಗ್ರೇಡ್ ಕೂಲಿ ಕಡಿತಕ್ಕೆ ಒತ್ತಾಯಿಸಿತು, ಕೆಲಸಗಾರರು ಒಪ್ಪಲಿಲ್ಲ, ಕಾರ್ಖಾನೆ ಮುಚ್ಚಿತು. ಮರುವರ್ಷ ಅದೇ ಕಟ್ಟಡವನ್ನು ಐಬಿಪಿ ಕೊಂಡು ಸಂಘವಿಲ್ಲದ ಕಾರ್ಖಾನೆಯಾಗಿ ತೆರೆಯಿತು, ಕೂಲಿಯನ್ನು ಬಹಳ ಕೆಳಗಿನ ಮಟ್ಟದಿಂದ ಆರಂಭಿಸಿತು. ಹಳೆಯ ಸಂಘದ ಕೆಲಸಗಾರರಲ್ಲಿ ಹೆಚ್ಚಿನವರಿಗೆ ಅಲ್ಲಿ ಜಾಗವಿರಲಿಲ್ಲ. ಇದ್ದವರಿಗೂ ಆ ಕೂಲಿಗೆ ಆ ಕೆಲಸ ಮಾಡುವ ಮನಸ್ಸಿರಲಿಲ್ಲ. ಗಮನಿಸಬೇಕಾದದ್ದು ಇಷ್ಟು: ಆ ವರ್ಷ ಕೆಲಸ ಕಳೆದುಕೊಂಡವರ ಜಾಗಕ್ಕೆ ಮೆಕ್ಸಿಕೊದವರಾಗಲಿ ಲಾವೋಸ್‌ನವರಾಗಲಿ ಸಾಲುಗಟ್ಟಿ ಬಂದು ನಿಂತಿರಲಿಲ್ಲ. ಹೊಸ ಕಾರ್ಖಾನೆ ಮೊದಲಿಗೆ ನೆಚ್ಚಿಕೊಂಡದ್ದು ಸುತ್ತಲಿನ ಬಿಳಿಯ ಹಳ್ಳಿಗರನ್ನೇ. ಅವರಿಗೂ ಆಗ ಬೇರೆ ದಾರಿ ಇರಲಿಲ್ಲ, ಯಾಕೆಂದರೆ 1980ರ ದಶಕದ ಕೃಷಿ ಬಿಕ್ಕಟ್ಟು ಶುರುವಾಗಿತ್ತು. ಎಪ್ಪತ್ತರ ದಶಕದಲ್ಲಿ ಸಾಲ ಮಾಡಿ ಜಮೀನು ಕೊಂಡ ರೈತರ ಮೇಲೆ ಬಡ್ಡಿದರ ಏರಿ ಕುಳಿತಿತು, ಧಾನ್ಯದ ಬೆಲೆ ಕುಸಿಯಿತು. ಅಯೋವಾದ ಜಮೀನಿನ ಸರಾಸರಿ ಬೆಲೆ 1981ರಲ್ಲಿ ಎಕರೆಗೆ 2,147 ಡಾಲರ್ ಇದ್ದದ್ದು 1986ರ ಹೊತ್ತಿಗೆ 787 ಡಾಲರ್‌ಗೆ ಇಳಿಯಿತು. ಅಡವಿಟ್ಟ ಜಮೀನಿನ ಬೆಲೆ ಸಾಲಕ್ಕಿಂತ ಕಡಿಮೆಯಾದಾಗ ಬ್ಯಾಂಕುಗಳು ಮುಚ್ಚಿದವು, ಒಕ್ಕಲು ಮನೆಗಳ ಹರಾಜು ನಡೆಯಿತು, ಯುವಕರು ಡೆಮೊಯ್ನ್, ಮಿನಿಯಾಪೊಲಿಸ್‌ಗಳತ್ತ ಹೊರಟರು.

ಹೀಗೆ ಹೊರಟವರು ವಾಪಸು ಬರಲಿಲ್ಲ. ಕಾರ್ಖಾನೆಯೋ ಒಬ್ಬ ಬಿಟ್ಟರೆ ಇನ್ನೊಬ್ಬ ಎಂಬ ಲೆಕ್ಕದ ಮೇಲೆಯೇ ನಡೆಯುತ್ತಿತ್ತು. ಈ ಉದ್ಯಮದಲ್ಲಿ ವರ್ಷವೊಂದರಲ್ಲಿ ಕೆಲಸ ಬಿಡುವವರ ಸಂಖ್ಯೆ ಒಟ್ಟು ಹುದ್ದೆಗಳ ಸಂಖ್ಯೆಯನ್ನೇ ಮೀರುವುದು ಅಪರೂಪವಲ್ಲ. ಹಾಗಾಗಿ ಕಂಪನಿಗೆ ನಿರಂತರವಾಗಿ ಹೊಸ ಕೈಗಳು ಬೇಕಾದವು, ಅದು ದೂರದಿಂದ ಜನರನ್ನು ಕರೆತರತೊಡಗಿತು.

ಮೊದಲು ಬಂದವರು ಆಗ್ನೇಯ ಏಷ್ಯಾದವರು. ವಿಯೆಟ್ನಾಂ ಯುದ್ಧ ಮುಗಿದ 1975ರಲ್ಲಿ ಅಯೋವಾದ ರಿಪಬ್ಲಿಕನ್ ಗವರ್ನರ್ ರಾಬರ್ಟ್ ರೇ, ತಾಯ್ ದಾಮ್ ಎಂಬ ಸಣ್ಣ ಸಮುದಾಯದ ನಿರಾಶ್ರಿತರನ್ನು ಒಟ್ಟಾಗಿ ತಮ್ಮ ರಾಜ್ಯಕ್ಕೆ ಬರಮಾಡಿಕೊಂಡಿದ್ದರು. ಆ ನಿರಾಶ್ರಿತರ ಮತ್ತು ಅವರ ಹಿಂದೆ ಬಂದ ಲಾವೋ ಜನರ ಬಂಧುಬಳಗ ಎಂಬತ್ತರ ದಶಕದಲ್ಲಿ ಸ್ಟಾರ್ಮ್ ಲೇಕ್ ಕಾರ್ಖಾನೆಯ ದಾರಿ ಹಿಡಿಯಿತು. ಒಬ್ಬರನ್ನು ಕರೆತಂದರೆ ಕಂಪನಿ ಇಂತಿಷ್ಟು ಹಣ ಕೊಡುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಮೆಕ್ಸಿಕೊದ ಚಿಹುವಾಹುವಾ ಪ್ರಾಂತ್ಯದಿಂದ, ಮನೆಯಲ್ಲಿ ಒಂದು ಬಗೆಯ ಹಳೆಯ ಜರ್ಮನ್ ಆಡುವ ಮೆನೊನೈಟ್ ಕ್ರೈಸ್ತರನ್ನೂ ಕರೆತರಲಾಗಿತ್ತು. ನಂತರ ಹಲಿಸ್ಕೊ ಪ್ರಾಂತ್ಯದ ಹಳ್ಳಿಗಳಿಂದ ಮೆಕ್ಸಿಕನ್ನರು ಬಂದರು, ಅಣ್ಣನ ಹಿಂದೆ ತಮ್ಮ, ಅವನ ಹಿಂದೆ ಭಾವಮೈದುನ ಎಂಬಂತೆ. ಆಮೇಲೆ ಮಧ್ಯ ಅಮೆರಿಕದವರು, ಸುಡಾನಿನವರು, ಬರ್ಮಾದ ನಿರಾಶ್ರಿತರು, ಪೆಸಿಫಿಕ್ ಸಾಗರದ ಮೈಕ್ರೊನೇಷಿಯಾ ದ್ವೀಪಗಳವರು. ಕೊನೆಯವರ ಬಗ್ಗೆ ಒಂದು ಮಾತು ಹೇಳಬೇಕು: ಅಮೆರಿಕದೊಂದಿಗೆ ಆ ದ್ವೀಪರಾಷ್ಟ್ರಗಳು ಮಾಡಿಕೊಂಡ ಒಪ್ಪಂದದಿಂದಾಗಿ ಅಲ್ಲಿನ ಪ್ರಜೆಗಳು ವೀಸಾ ಇಲ್ಲದೆ ಬಂದು ಕಾನೂನುಬದ್ಧವಾಗಿ ದುಡಿಯಬಹುದು. ಕಾಗದಪತ್ರದ ತಕರಾರು ಹೆಚ್ಚಿದಷ್ಟೂ ಇಂಥ ಕೆಲಸಗಾರರ ಮೇಲೆ ಮಾಂಸದ ಕಂಪನಿಗಳ ಕಣ್ಣು ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಪರಿಣಾಮ ಜನಗಣತಿಯಲ್ಲೇ ಕಾಣುತ್ತದೆ. 1990ರಲ್ಲಿ 8,769 ಇದ್ದ ಜನಸಂಖ್ಯೆ 2000ದಲ್ಲಿ 10,076ಕ್ಕೆ, 2020ರಲ್ಲಿ 11,269ಕ್ಕೆ ಏರಿತು. 2010ರಿಂದ 2020ರ ನಡುವೆ ಅಯೋವಾದ 99 ಕೌಂಟಿಗಳ ಪೈಕಿ 68ರಲ್ಲಿ ಜನ ಕಡಿಮೆಯಾದರು ಎನ್ನುವುದರ ಪಕ್ಕದಲ್ಲಿಟ್ಟು ಈ ಏರಿಕೆಯನ್ನು ನೋಡಬೇಕು. ಜನ ಇಳಿದ ಊರುಗಳಲ್ಲಿ ಮೊದಲು ಶಾಲೆ ಮುಚ್ಚುತ್ತದೆ, ಆಮೇಲೆ ದಿನಸಿ ಅಂಗಡಿ, ಕೊನೆಗೆ ಹೆರಿಗೆ ವಾರ್ಡು. ಸ್ಟಾರ್ಮ್ ಲೇಕ್‌ನಲ್ಲಿ ಶಾಲೆಗೆ ಕೊಠಡಿಗಳು ಸಾಲದೆ ಹೊಸದಾಗಿ ಕಟ್ಟಬೇಕಾಯಿತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಬಿಳಿಯರಲ್ಲದ ಮನೆಗಳವರು, ಮನೆಮಾತುಗಳು ಇಪ್ಪತ್ತಕ್ಕೂ ಹೆಚ್ಚು. ಪೇಟೆಯಲ್ಲಿ ಮೆಕ್ಸಿಕನ್ ಬೇಕರಿ, ಲಾವೋ ದಿನಸಿ ಅಂಗಡಿಗಳು ಹಳೆಯ ಇಟ್ಟಿಗೆ ಕಟ್ಟಡಗಳನ್ನು ತುಂಬಿವೆ. ಎಂಬತ್ತರ ದಶಕದಲ್ಲಿ ಬೀಗ ಬಿದ್ದ ಅಂಗಡಿ ಸಾಲುಗಳಿಗೆ ಬಾಡಿಗೆದಾರರು ಸಿಕ್ಕಿದ್ದಾರೆ ಎನ್ನುವ ಅರ್ಥದಲ್ಲಿ ಊರು ಉಳಿದಿದೆ ಎಂಬ ಮಾತು ನಿಜ.

ಆದರೆ ಉಳಿದ ರೀತಿಯಲ್ಲಿ ಒಂದು ಭಯ ಹೆಣೆದುಕೊಂಡಿದೆ. 1996ರಲ್ಲಿ ವಲಸೆ ಇಲಾಖೆಯವರು ಸ್ಟಾರ್ಮ್ ಲೇಕ್ ಕಾರ್ಖಾನೆಯ ಮೇಲೆ ದಾಳಿ ಮಾಡಿ ಹತ್ತಾರು ಕೆಲಸಗಾರರನ್ನು ಹಿಡಿದೊಯ್ದರು. ಅಂಥ ದಾಳಿ ಇಡೀ ಊರನ್ನೇ ಹೇಗೆ ಕೆಡವಬಲ್ಲದು ಎನ್ನುವುದಕ್ಕೆ ಸ್ಪಷ್ಟ ಉದಾಹರಣೆ ಅದೇ ರಾಜ್ಯದ ಪೋಸ್ಟ್‌ವಿಲ್‌ನದು. ಸುಮಾರು 2,300 ಜನರ ಆ ಊರಿನಲ್ಲಿ 2008ರ ಮೇ 12ರಂದು ಒಂದೇ ದಿನ 389 ಮಂದಿಯನ್ನು ಬಂಧಿಸಲಾಯಿತು. ಅಗ್ರಿಪ್ರೊಸೆಸರ್ಸ್ ಎಂಬ ಆ ಕಾರ್ಖಾನೆ ಅದೇ ವರ್ಷ ದಿವಾಳಿಯೆದ್ದಿತು, ಬಾಡಿಗೆ ಮನೆಗಳು ಖಾಲಿಯಾದವು, ಉಳಿದವರು ಚರ್ಚಿನಲ್ಲಿ ಆಸರೆ ಪಡೆದರು. ಸ್ಟಾರ್ಮ್ ಲೇಕ್‌ನ ನಗರಾಡಳಿತ ಮತ್ತು ಪೊಲೀಸರು ತೊಂಬತ್ತರ ದಶಕದ ಅನುಭವದ ಮೇಲೆ ಬೇರೆ ದಾರಿ ಹಿಡಿದರು. ಮೂರು ದಶಕ ಕಾಲ ಅಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ ಮಾರ್ಕ್ ಪ್ರಾಸರ್, ವಲಸಿಗರು ಪೊಲೀಸರಿಗೆ ಹೆದರಿ ಅಡಗಿದರೆ ಅಪರಾಧ ತನಿಖೆಯೇ ಸಾಧ್ಯವಿಲ್ಲ ಎಂಬ ನಿಲುವನ್ನು ಬಹಿರಂಗವಾಗಿಯೇ ಪ್ರತಿಪಾದಿಸುತ್ತಿದ್ದರು. ಸಣ್ಣ ಊರೊಂದು ತನ್ನ ಅಧಿಕಾರದ ಮಿತಿಯೊಳಗೆ ಮಾಡಬಹುದಾದ ವಿವೇಕದ ಆಯ್ಕೆ ಅದು. ಅದರ ಮೇಲೂ ರಾಜ್ಯದ ಕೈ ಬಿತ್ತು: ವಲಸೆ ಕಾನೂನಿನ ಜಾರಿಗೆ ಸಹಕರಿಸದ ನಗರಗಳ ಅನುದಾನ ತಡೆಹಿಡಿಯುವ ಕಾನೂನನ್ನು ಅಯೋವಾ 2018ರಲ್ಲಿ ತಂದಿತು, 2024ರಲ್ಲಿ ರಾಜ್ಯದ ಪೊಲೀಸರೇ ಕೆಲವು ವಲಸಿಗರನ್ನು ಬಂಧಿಸಬಹುದೆಂಬ ಇನ್ನೊಂದು ಕಾನೂನು ಮಾಡಿತು, ಅದನ್ನು ಫೆಡರಲ್ ನ್ಯಾಯಾಲಯ ಜಾರಿಗೆ ಬರುವ ಮೊದಲೇ ತಡೆಯಿತು.

ಇಲ್ಲಿ ಒಂದು ವಿಪರ್ಯಾಸ ಇದೆ. ಈ ಊರನ್ನೊಳಗೊಂಡ ವಾಯವ್ಯ ಅಯೋವಾವನ್ನು 2003ರಿಂದ 2021ರವರೆಗೆ ಸಂಸತ್ತಿನಲ್ಲಿ ಪ್ರತಿನಿಧಿಸಿದವರು ಸ್ಟೀವ್ ಕಿಂಗ್. ವಲಸಿಗರ ವಿರುದ್ಧ ಕಟುವಾಗಿ ಮಾತಾಡುತ್ತಿದ್ದ ಅವರು ಬಿಳಿಯರ ಪಾರಮ್ಯವಾದದ ಪರವೆನಿಸುವ ಮಾತಾಡಿದ್ದಕ್ಕೆ 2019ರಲ್ಲಿ ಅವರದೇ ರಿಪಬ್ಲಿಕನ್ ಪಕ್ಷ ಅವರನ್ನು ಎಲ್ಲ ಸಮಿತಿಗಳಿಂದ ಹೊರಗಿಟ್ಟಿತು. ಬ್ಯೂನಾ ವಿಸ್ಟಾ ಕೌಂಟಿ ಕಳೆದ ಮೂರು ಅಧ್ಯಕ್ಷೀಯ ಚುನಾವಣೆಗಳಲ್ಲೂ ಟ್ರಂಪ್ ಅವರಿಗೆ ಬಹುಮತ ಕೊಟ್ಟಿದೆ. ಊರಿನ ಶಾಲೆ ತುಂಬಿಸುವವರಲ್ಲಿ ಅನೇಕರಿಗೆ ಮತವಿಲ್ಲ. ಮತ ಇರುವವರಲ್ಲಿ ಅನೇಕರು ಹಳ್ಳಿಗಳ ಹಿರಿಯ ಜಮೀನುದಾರರು. ಕರ್ನಾಟಕದಿಂದ ಅಮೆರಿಕಕ್ಕೆ ಹೋದವರಲ್ಲಿ ಹೆಚ್ಚಿನವರು ಎಚ್-1ಬಿ ವೀಸಾದ ಮೇಲೆ ಮಹಾನಗರಗಳ ಸುತ್ತ ನೆಲೆಸುವುದರಿಂದ ನಮ್ಮವರ ವಲಸೆಯ ಚರ್ಚೆ ಆ ವೀಸಾದ ಲಾಟರಿ, ಗ್ರೀನ್ ಕಾರ್ಡಿನ ಸರದಿಯ ಸುತ್ತಲೇ ಸುತ್ತುತ್ತದೆ. ಅದೇ ವಲಸೆ ಇಲಾಖೆಯ ಇನ್ನೊಂದು ಬಾಗಿಲಲ್ಲಿ ನಿಂತ ಈ ಕೂಲಿಕಾರರು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

2020ರ ಬೇಸಿಗೆಯಲ್ಲಿ ಜಗತ್ತಿನ ಕಣ್ಣಿಗೆ ಅವರು ಬಿದ್ದರು. ಏಪ್ರಿಲ್ ಕೊನೆಯಲ್ಲಿ ಅಧ್ಯಕ್ಷರ ಆದೇಶವೊಂದು ಮಾಂಸದ ಕಾರ್ಖಾನೆಗಳನ್ನು ಅಗತ್ಯ ಸೇವೆಯೆಂದು ಪರಿಗಣಿಸಿ ತೆರೆದಿಡುವಂತೆ ಹೇಳಿತು. ದಿನಕ್ಕೆ ಸುಮಾರು 17,000 ಹಂದಿಗಳನ್ನು ಕೊಯ್ಯುವ ಸ್ಟಾರ್ಮ್ ಲೇಕ್ ಕಾರ್ಖಾನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಕೆಲಸ ಮಾಡುವವರ ನಡುವೆ ಕೊರೊನಾ ಹರಡಿತು. ಮೇ ಕೊನೆಯ ಹೊತ್ತಿಗೆ 2,517 ಕೆಲಸಗಾರರಲ್ಲಿ 555 ಮಂದಿಗೆ ಸೋಂಕು ತಗುಲಿದ್ದು ದೃಢಪಟ್ಟಿತು, ಕಾರ್ಖಾನೆ ಕೆಲವು ದಿನ ನಿಂತಿತು. ನಿಂತದ್ದರಿಂದ ಹೊಲದ ಬದಿಯ ಲೆಕ್ಕವೂ ತಪ್ಪಿತು: ಹಂದಿ ನಿಗದಿತ ತೂಕ ತಲುಪಿದ ವಾರವೇ ಕಾರ್ಖಾನೆಗೆ ಹೋಗಬೇಕು, ಇಲ್ಲದಿದ್ದರೆ ಹಿಂದೆ ಬರುವ ಮರಿಗಳಿಗೆ ಕೊಟ್ಟಿಗೆಯಲ್ಲಿ ಜಾಗವಿರುವುದಿಲ್ಲ. ಆ ಬೇಸಿಗೆಯಲ್ಲಿ ಮಧ್ಯಪಶ್ಚಿಮದ ರೈತರು ಮಾರಲಾಗದ ಹಂದಿಗಳನ್ನು ಕೊಂದು ಹೂಳಬೇಕಾಯಿತು. ಅಂಗಡಿಗಳಲ್ಲಿ ಮಾಂಸವಿಲ್ಲ, ಹಳ್ಳಿಗಳಲ್ಲಿ ಹಂದಿಗೆ ಗಿರಾಕಿಯಿಲ್ಲ. ಒಂದೇ ಕಾರ್ಖಾನೆಯ ಮೂಲಕ ಹಾದುಹೋಗುವ ವ್ಯವಸ್ಥೆಯ ದೌರ್ಬಲ್ಯ ಇಷ್ಟು ನಿಚ್ಚಳವಾಗಿ ಹಿಂದೆಂದೂ ಕಂಡಿರಲಿಲ್ಲ.

ಹಂದಿ ಸಾಕಣೆಯೂ ಈ ನಡುವೆ ಪೂರ್ತಿ ಬದಲಾಗಿದೆ. 1980ರಲ್ಲಿ ಅಯೋವಾದಲ್ಲಿ ಸುಮಾರು 65,000 ಒಕ್ಕಲುಗಳು ಹಂದಿ ಸಾಕುತ್ತಿದ್ದವು. ಈಗ ಅವು 6,000ಕ್ಕೂ ಕಡಿಮೆ. ಹಂದಿಗಳು ಮಾತ್ರ ಹೆಚ್ಚಿವೆ, 32 ಲಕ್ಷ ಜನರಿರುವ ರಾಜ್ಯದಲ್ಲಿ 2.3 ಕೋಟಿಗೂ ಹೆಚ್ಚು. ನಮ್ಮಲ್ಲಿ ಕೋಳಿ ಕಂಪನಿಗಳು ಮರಿ ಮತ್ತು ಆಹಾರ ಕೊಟ್ಟು ರೈತನ ಶೆಡ್ಡಿನಲ್ಲಿ ಸಾಕಿಸಿ ತೂಕದ ಮೇಲೆ ಕೂಲಿ ಕೊಡುತ್ತವಲ್ಲ, ಅಲ್ಲಿ ಹಂದಿಯದೂ ಬಹುಮಟ್ಟಿಗೆ ಅದೇ ಪದ್ಧತಿ. ಹಂದಿ ಕಂಪನಿಯದು, ಕೊಟ್ಟಿಗೆಯ ಸಾಲ ಮತ್ತು ಗೊಬ್ಬರ ರೈತನವು. ಅಯೋವಾದಲ್ಲಿ 2,500 ಹಂದಿಗಳ ಕೊಟ್ಟಿಗೆಗೆ ಕಟ್ಟಡ ಪರವಾನಗಿ ಬೇಕು. ಹೀಗಾಗಿ 2,400, 2,490, 2,499 ಹಂದಿಗಳ ಕೊಟ್ಟಿಗೆಗಳು ಆ ಸೀಮೆಯ ತುಂಬ ಎದ್ದಿವೆ. ಎಲ್ಲಿ ಕಟ್ಟಬೇಕು, ಎಲ್ಲಿ ಬೇಡ ಎಂದು ನಿರ್ಧರಿಸುವ ಅಧಿಕಾರ ಕೌಂಟಿಗಿಲ್ಲ. ರಾಜ್ಯದ ಕಾನೂನು ಅದನ್ನು ಕಿತ್ತುಕೊಂಡಿದೆ. ಪಕ್ಕದ ಹೊಲದಲ್ಲಿ ಎರಡು ಸಾವಿರ ಚಿಲ್ಲರೆ ಹಂದಿಗಳು ಬಂದು ಕುಳಿತರೆ ನೆರೆಯವರು ಮಾಡಬಹುದಾದದ್ದು ಕಿಟಕಿ ಮುಚ್ಚಿಕೊಳ್ಳುವುದಷ್ಟೇ.

ಆ ಗೊಬ್ಬರ, ಅದರ ಮೇಲೆ ಹಾಕುವ ರಾಸಾಯನಿಕ ಸಾರಜನಕ, ಮತ್ತು ನೂರು ವರ್ಷದ ಹಿಂದಿನ ಆ ಬಸಿಗೊಳವೆಗಳು ಸೇರಿದಾಗ ನೀರಿನ ಪ್ರಶ್ನೆ ಹುಟ್ಟುತ್ತದೆ. ಬೇರು ಹೀರಿಕೊಳ್ಳದ ನೈಟ್ರೇಟ್ ನೀರಿನಲ್ಲಿ ಕರಗಿ ಕೊಳವೆಯ ಮೂಲಕ ನೇರ ಹೊಳೆಗೆ ಹೋಗುತ್ತದೆ. ಉತ್ತರ ರಕೂನ್ ನದಿ ಹುಟ್ಟುವುದು ಬ್ಯೂನಾ ವಿಸ್ಟಾ ಕೌಂಟಿಯಲ್ಲಿ. ಕೆಳಗೆ ರಾಜಧಾನಿ ಡೆಮೊಯ್ನ್ ನಗರ ಕುಡಿಯುವುದು ಆ ನದಿಯ ನೀರನ್ನು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂಬ ಫೆಡರಲ್ ಮಿತಿಯೊಳಗೆ ಇರಿಸಲು ಡೆಮೊಯ್ನ್ ಜಲಮಂಡಳಿ ದುಬಾರಿ ಶುದ್ಧೀಕರಣ ಘಟಕ ನಡೆಸಬೇಕು. 2015ರಲ್ಲಿ ಅದು ಬ್ಯೂನಾ ವಿಸ್ಟಾ ಸೇರಿದಂತೆ ಮೂರು ಕೌಂಟಿಗಳ ಬಸಿಗಾಲುವೆ ವಲಯಗಳ ಮೇಲೆ ಮೊಕದ್ದಮೆ ಹೂಡಿತು. ವಾದ ಸರಳವಾಗಿತ್ತು: ಕೊಳವೆಯ ಬಾಯಿಂದ ಬರುವ ಮಾಲಿನ್ಯವನ್ನು ಕಾರ್ಖಾನೆಯ ಕೊಳವೆಯ ಮಾಲಿನ್ಯದಂತೆಯೇ ಪರಿಗಣಿಸಬೇಕು. 2017ರಲ್ಲಿ ಅಯೋವಾದ ಸುಪ್ರೀಂ ಕೋರ್ಟು ಆ ವಲಯಗಳ ಮೇಲೆ ಪರಿಹಾರಕ್ಕಾಗಿ ದಾವೆ ಹೂಡಲಾಗದೆಂದು ಅಭಿಪ್ರಾಯ ಕೊಟ್ಟಿತು, ಫೆಡರಲ್ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ನೈಟ್ರೇಟ್ ವಜಾ ಆಗಲಿಲ್ಲ. 2025ರ ಜೂನ್‌ನಲ್ಲಿ ಶುದ್ಧೀಕರಣದ ಸಾಮರ್ಥ್ಯ ಸಾಲದೆ ಮಧ್ಯ ಅಯೋವಾದ ಸುಮಾರು ಆರು ಲಕ್ಷ ಜನರಿಗೆ ಹುಲ್ಲುಹಾಸಿಗೆ ನೀರು ಹಾಕಬಾರದೆಂಬ ನಿಷೇಧ ಹೇರಬೇಕಾಯಿತು.

ಈ ಮೊಕದ್ದಮೆಯಲ್ಲಿ ಕೌಂಟಿಗಳ ವಕೀಲರ ಖರ್ಚನ್ನು ಭರಿಸುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ಎತ್ತಿದ್ದು ಸ್ಟಾರ್ಮ್ ಲೇಕ್‌ನದೇ ಪತ್ರಿಕೆ. 1990ರಲ್ಲಿ ಜಾನ್ ಕಲನ್ ಆರಂಭಿಸಿದ, ವಾರಕ್ಕೆ ಎರಡು ಸಲ ಬರುತ್ತಿದ್ದ, ಮೂರು ಸಾವಿರದಷ್ಟು ಪ್ರಸಾರದ ಸ್ಟಾರ್ಮ್ ಲೇಕ್ ಟೈಮ್ಸ್ ಅದು. ಹಣ ಬರುತ್ತಿದ್ದದ್ದು ಕೃಷಿ ಉದ್ಯಮದ ಹಿತಾಸಕ್ತಿಗಳಿಂದ. ಹೆಸರುಗಳನ್ನು ಬಹಿರಂಗಪಡಿಸುವಂತೆ ಪತ್ರಿಕೆ ಪಟ್ಟು ಹಿಡಿಯಿತು. ಜಾನ್ ಅವರ ತಮ್ಮ, ಸಂಪಾದಕ ಆರ್ಟ್ ಕಲನ್ ಬರೆದ ಸಂಪಾದಕೀಯಗಳಿಗೆ 2017ರ ಪುಲಿಟ್ಜರ್ ಪ್ರಶಸ್ತಿ ಬಂತು. ಜಾಹೀರಾತು ಕೊಡುವವರೂ ಚಂದಾದಾರರೂ ಅದೇ ರೈತರು, ಅದೇ ಅಂಗಡಿಯವರು ಆಗಿರುವ ಊರಿನಲ್ಲಿ ಹೀಗೆ ಬರೆಯುವುದಕ್ಕೆ ಬೇಕಾದ ಧೈರ್ಯ ರಾಜಧಾನಿಯ ಪತ್ರಿಕೆಗಳಿಗೆ ಬೇಕಾದದ್ದಕ್ಕಿಂತ ಬೇರೆ ಜಾತಿಯದು. 2022ರಲ್ಲಿ ಅದು ಊರಿನ ಇನ್ನೊಂದು ಪತ್ರಿಕೆಯೊಂದಿಗೆ ಸೇರಿ ಸ್ಟಾರ್ಮ್ ಲೇಕ್ ಟೈಮ್ಸ್ ಪೈಲಟ್ ಆಯಿತು.

ಕೆರೆಯ ವಿಚಾರದಲ್ಲಿ ಊರಿನವರು ಸುಮ್ಮನೆ ಕೂರಲಿಲ್ಲ. ಹೊಲಗಳಿಂದ ಕೊಚ್ಚಿ ಬಂದ ಮಣ್ಣು ತುಂಬಿ ಕೆರೆ ಆಳ ಕಳೆದುಕೊಂಡಿತ್ತು. 2000ದ ದಶಕದ ಆರಂಭದಿಂದ ನಗರ, ಕೌಂಟಿ ಮತ್ತು ರಾಜ್ಯದ ಹಣ ಸೇರಿಸಿ ವರ್ಷಗಟ್ಟಲೆ ಹೂಳೆತ್ತಿದರು, ದಡದಲ್ಲಿ ಉದ್ಯಾನ ಮತ್ತು ಪ್ರವಾಸಿ ವಸತಿ ಕಟ್ಟಿದರು. ಮಾಂಸದ ಹೊರತಾಗಿಯೂ ಊರಿಗೊಂದು ಬದುಕು ಇರಲಿ ಎಂಬ ಹಂಬಲ ಆ ಯೋಜನೆಯ ಹಿಂದಿದೆ. ಆದರೂ ಕಾರ್ಖಾನೆಯ ಪಾಲಿಗೆ ಹೋಲಿಸಿದರೆ ಪ್ರವಾಸೋದ್ಯಮ ಕೊಡುವ ಕೆಲಸಗಳು ಕೆಲವೇ. 2001ರಲ್ಲಿ ಐಬಿಪಿಯನ್ನು ಟೈಸನ್ ಕೊಂಡಿತು. 2014ರಲ್ಲಿ ಹಿಲ್‌ಶೈರ್ ಕಂಪನಿಯನ್ನು ಕೊಂಡಾಗ ಊರಿನ ಟರ್ಕಿ ಕಾರ್ಖಾನೆಯೂ ಅದರ ಕೈಗೆ ಬಂತು. ಎರಡು ಕಾರ್ಖಾನೆ, ಒಬ್ಬನೇ ಒಡೆಯ. ಮರುವರ್ಷವೇ ಹಕ್ಕಿಜ್ವರ ಬಂದು ಅಯೋವಾ ಮೂರು ಕೋಟಿಗೂ ಹೆಚ್ಚು ಕೋಳಿ ಮತ್ತು ಟರ್ಕಿಗಳನ್ನು ಕಳೆದುಕೊಂಡಿತು. ಬ್ಯೂನಾ ವಿಸ್ಟಾ ಕೌಂಟಿ ಅತಿ ಹೆಚ್ಚು ಪೆಟ್ಟು ತಿಂದವುಗಳಲ್ಲಿ ಒಂದು. 2022ರಲ್ಲಿ ಜ್ವರ ಮತ್ತೆ ಬಂದಾಗ ಅದೇ ಕೌಂಟಿಯ ರೆಂಬ್ರಾಂಟ್ ಎಂಬಲ್ಲಿನ ಒಂದೇ ಮೊಟ್ಟೆ ಫಾರ್ಮಿನಲ್ಲಿ 50 ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಲಾಯಿತು, ಆ ಕೆಲಸ ಮುಗಿದ ಮೇಲೆ ಹೆಚ್ಚಿನ ಕೆಲಸಗಾರರನ್ನು ಕೈಬಿಡಲಾಯಿತು.

ಈಗಿನ ಆತಂಕಕ್ಕೆ ಎರಡು ಮುಖಗಳಿವೆ. ಒಂದು, ಕಂಪನಿಯೇ ಹೊರಟುಹೋಗುವುದು. ಅಯೋವಾದ ಪೆರಿ ಎಂಬ ಊರಿನ ಹಂದಿಮಾಂಸದ ಕಾರ್ಖಾನೆಯನ್ನು ಟೈಸನ್ 2024ರಲ್ಲಿ ಮುಚ್ಚಿದಾಗ ಸುಮಾರು 1,300 ಕೆಲಸಗಳು ಹೋದವು. ಇನ್ನೊಂದು, ಕೆಲಸಗಾರರ ಕಾಗದಪತ್ರವನ್ನು ವಾಷಿಂಗ್ಟನ್ ಹಿಂತೆಗೆದುಕೊಳ್ಳುವುದು. ಕ್ಯೂಬಾ, ಹೈಟಿ, ನಿಕರಾಗುವ, ವೆನೆಜುವೆಲಾಗಳಿಂದ ಬಂದವರಿಗೆ ಕೊಟ್ಟಿದ್ದ ತಾತ್ಕಾಲಿಕ ಅನುಮತಿಯನ್ನು ರದ್ದು ಮಾಡಲು 2025ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸರ್ಕಾರಕ್ಕೆ ಅವಕಾಶ ಕೊಟ್ಟಿತು. ಆ ಬೇಸಿಗೆಯಲ್ಲಿ ಅಯೋವಾದ ಒಟ್ಟಮ್ವಾ ಊರಿನ, ಜೆಬಿಎಸ್ ಕಂಪನಿಯ ಮಾಂಸದ ಕಾರ್ಖಾನೆಯ ಸುಮಾರು 200 ಮಂದಿಗೆ ದುಡಿಯುವ ಅನುಮತಿ ಮುಗಿದಿದೆ ಎಂಬ ಸೂಚನೆ ಹೋಯಿತು. ಈ ಎರಡರಲ್ಲಿ ಯಾವುದರ ಮೇಲೂ ಸ್ಟಾರ್ಮ್ ಲೇಕ್‌ನ ನಗರಸಭೆಗೆ ಹಿಡಿತವಿಲ್ಲ.

ಹೆಚ್ಚು ಚರ್ಚೆಯಾಗದ ಮೂರನೆಯದೊಂದು ಸಂಗತಿ ಉಳಿಯುತ್ತದೆ, ಅದು ಜಮೀನಿನದು. 1986ರಲ್ಲಿ ಎಕರೆಗೆ 787 ಡಾಲರ್ ಇದ್ದ ಅಯೋವಾದ ನೆಲ 2023ರಲ್ಲಿ ಸರಾಸರಿ 11,835 ಡಾಲರ್ ಮುಟ್ಟಿತು. ಆ ರಾಜ್ಯದ ಬೇಸಾಯದ ಜಮೀನಿನಲ್ಲಿ ಮೂರರಲ್ಲಿ ಎರಡು ಪಾಲು 65 ವರ್ಷ ದಾಟಿದವರ ಹೆಸರಿನಲ್ಲಿದೆ, ಅವರಲ್ಲಿ ಅನೇಕರು ಸ್ವತಃ ಉಳುತ್ತಿಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದು ಕೈ ಬದಲಾಗಲೇಬೇಕು. ಬಹುಪಾಲು ದೂರದ ನಗರಗಳಲ್ಲಿರುವ ಮಕ್ಕಳಿಗೆ, ಉಳಿದದ್ದು ಈಗಾಗಲೇ ಸಾವಿರಾರು ಎಕರೆ ಇರುವ ದೊಡ್ಡ ಒಕ್ಕಲುಗಳಿಗೆ ಅಥವಾ ಹೂಡಿಕೆದಾರರಿಗೆ ಹೋಗುವ ಸಂಭವವೇ ಹೆಚ್ಚು. ಹಲಿಸ್ಕೊದಲ್ಲೋ ಲಾವೋಸ್‌ನಲ್ಲೋ ಬೇಸಾಯ ಮಾಡಿಯೇ ಬಂದ ಕುಟುಂಬಗಳು ಸ್ಟಾರ್ಮ್ ಲೇಕ್‌ನಲ್ಲಿ ಅಂಗಡಿ ಇಟ್ಟಿವೆ, ಮನೆ ಕೊಂಡಿವೆ. ಅವರ ಮಕ್ಕಳಲ್ಲಿ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ. ಕೃಷಿಯೇ ಕಸುಬಾದ ಕೌಂಟಿಯಲ್ಲಿ ಒಂದೆಕರೆ ಹೊಲ ಕೊಳ್ಳಬೇಕಾದರೆ ಅವರಲ್ಲೊಬ್ಬರು ಲೈನಿನ ಮೇಲೆ ಎಷ್ಟು ಪಾಳಿ ನಿಲ್ಲಬೇಕೆಂದು ಲೆಕ್ಕ ಹಾಕಿದರೆ, ಹೊಲಗಳು ಊರಿಗೆ ಎಷ್ಟು ಹತ್ತಿರವಿದ್ದರೂ ಅವರಿಗೆ ಎಷ್ಟು ದೂರವೆಂಬುದು ತಿಳಿಯುತ್ತದೆ.